ಮಿಕ್ಸರ್ ಔಟ್ ಒಂದ ಸಾಕಾಗೂದಿಲ್ರಿ

ಹಳೇ ರಾಕ್ ಬ್ಯಾಂಡಿನ ಥಿಯೇಟರ್ ಲೈವ್ ಆಲ್ಬಮ್ ಬಗ್ಗೆ ಛಲೋ ಬರದೀರಿ. ಆದ್ರ ಲೈವ್ ರೆಕಾರ್ಡಿಂಗಿಗೆ ಮಿಕ್ಸರ್‌ನಿಂದ, ಅಂದ್ರ ಎಲ್ಲಾ ಮೈಕಿನ ದನಿ ಕೂಡಿಸಿ ಸ್ಪೀಕರಿಗೆ ಕಳಸೂ ಯಂತ್ರದಿಂದ, ‘ನೇರ ಸ್ಟೀರಿಯೋ (ಎಡ-ಬಲ ಎರಡ ಟ್ರ್ಯಾಕ್) ತಗೊಂಡ್ರ ಮುಗೀತು’ ಅಂತ ನೀವು ಬರದದ್ದು ತಪ್ಪು. ನಮ್ಮ ಹುಬ್ಬಳ್ಳಿ ಸವಾಯಿ ಗಂಧರ್ವ ಹಾಲ್‌ನಂಥಾ ಜಾಗಾದಾಗ ಗಿಟಾರ್ ಆಂಪ್, ಡ್ರಮ್ ವೇದಿಕೆ ಮ್ಯಾಲಿಂದನ ಜೋರ್ ಕೇಳಸ್ತಾವು, ಹಿಂಗಾಗಿ ಮಿಕ್ಸರ್‌ನ್ಯಾಗ ಅವನ್ನ ಇಳಿಸಿರ್ತಾರ. ಆ ರೆಕಾರ್ಡಿಂಗ್ ಮನ್ಯಾಗ ಹಚ್ಚಿದ್ರ ಹಾಡವರ ಧ್ವನಿ ಕಿವ್ಯಾಗ, ಗಿಟಾರ್ ಬಾವ್ಯಾಗ! ಪ್ರತಿ ಮೈಕಿಗೂ ಬ್ಯಾರೆ ಟ್ರ್ಯಾಕ್ ಬೇಕು, ಅದೂ ಫೇಡರ್‌ಗಿಂತ (ಮಿಕ್ಸರ್‌ನ್ಯಾಗ ದನಿ ಏರಿಸಿ ಇಳಿಸೂ ಗುಂಡಿ) ಮೊದಲ ತಗೀಬೇಕು. ಅಮೆರಿಕದ ರಾಕ್ ಬ್ಯಾಂಡ್ ಆಲ್‌ಮನ್ ಬ್ರದರ್ಸ್ 1971ರಾಗ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಥಿಯೇಟರ್‌ದಾಗ ರೆಕಾರ್ಡ್ ಮಾಡಿದ್ದೂ ಹಿಂಗ ಬ್ಯಾರೆ ಬ್ಯಾರೆ ಟ್ರ್ಯಾಕಿನ್ಯಾಗ, ಅಂದ್ರ ಮಲ್ಟಿಟ್ರ್ಯಾಕ್‌ನ.

ಚಪ್ಪಾಳಿಗೆ ಎರಡು ಮೈಕ್ ವೇದಿಕೆ ಅಂಚಿಗೆ ಇಡ್ರಿ, ಮುಖ ಜನರ ಕಡೆ. ಹಾಲ್ ಹಿಂದ, ವೇದಿಕೆಯಿಂದ 17 ಮೀಟರ್ ದೂರ ಇಟ್ರ ದನಿ ಸುಮಾರು 50 ಮಿಲಿಸೆಕೆಂಡ್ ತಡಾ ಬರ್ತದ, ವೇದಿಕೆ ಮೈಕಿನ ಜೋಡಿ ಕೂಡಿಸಿದ್ರ ಸ್ನೇರ್ ಡ್ರಮ್ಮಿನ ಏಟು ಒಂದಕ್ಕೆರಡು ಕೇಳಸ್ತದ. ಹಂಗಿಟ್ರ, ಮಿಕ್ಸ್ ಮಾಡೂವಾಗ ಆ ಹಿಂದಿನ ಮೈಕಿನ ಟ್ರ್ಯಾಕ್ ಅಷ್ಟ ಹೊತ್ತು ಮೊದಲ ಶುರು ಆಗೂ ಹಂಗ ಸರಸಬೇಕು.