ಜಾಮೀನು ಯಾರದ್ದು?

ಕುಟುಂಬದಲ್ಲಿ ಒಬ್ಬನಿಗೆ 'ಕಂಪ್ಯೂಟರ್ ಗೊತ್ತಿರೋ ಹುಡುಗ' ಅನ್ನೋ ಹೆಸರು ಬಿತ್ತು ಅಂದರೆ ಮುಗಿಯಿತು. ತಲೆ ನೆರೆತರೂ ಅದು ಹೋಗುವುದಿಲ್ಲ. ನಾನು ಓದಿದ್ದು ಬಿ.ಕಾಂ. ಯಾವ ಕಾಲದಲ್ಲೋ ಅಕ್ಕನ ಮದುವೆ ಕಾಗದವನ್ನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟಿದ್ದೆ, ಅಷ್ಟೇ. ಅಂದಿನಿಂದ ಯಾರ ಮನೆ ಗೃಹಪ್ರವೇಶಕ್ಕೆ ಹೋದರೂ, ಪಂಕ್ತಿಯಲ್ಲಿ ಪಕ್ಕ ಕೂತವರು ಸಾರನ್ನ ಕಲಸುತ್ತಾ ಕೇಳುವುದು ಒಂದೇ ಪ್ರಶ್ನೆ. "ಯಾವ ಆಂಟಿವೈರಸ್ ಒಳ್ಳೇದು? ಫ್ರೀ ಇರೋದು ಹಾಕಬಹುದಾ?"

ಉತ್ತರ ಯಾರಿಗೂ ಬೇಕಿಲ್ಲ. ಆಗಲೇ ಹಾಕಿಕೊಂಡಿರುತ್ತಾರೆ. ದೊಡ್ಡಪ್ಪನ ಮಗ ಒಂದೇ ಲ್ಯಾಪ್‌ಟಾಪಿಗೆ ಮೂರು ಹಾಕಿದ್ದ. ಒಂದು ಗೇಟಿಗೆ ಮೂವರು ವಾಚ್‌ಮನ್ ನಿಲ್ಲಿಸಿದ ಹಾಗೆ. ಬರುವ ಪ್ರತಿ ಫೈಲನ್ನೂ ತಾನೇ ಮೊದಲು ತಡಕಬೇಕು ಅಂತ ಮೂವರಿಗೂ ಹಟ. ಕೊನೆಗೆ ಒಬ್ಬರ ಜೇಬಿಗೆ ಒಬ್ಬರು ಕೈ ಹಾಕತೊಡಗಿದರು. ಎಕ್ಸೆಲ್ ತೆರೆಯುವಷ್ಟರಲ್ಲಿ ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಡಬಹುದಿತ್ತು.

ನಮ್ಮ ಸೋದರಮಾವನ ಕಥೆ ಬೇರೆ. ಅವರು ಹಾಸನ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. ಜಾಮೀನು ಇಲ್ಲದೆ ಸ್ವಂತ ಭಾವನಿಗೂ ಸಾಲ ಕೊಟ್ಟವರಲ್ಲ. ಆ ಭಾವ ನಮ್ಮಪ್ಪ, ಹಾಗಾಗಿ ಈ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಬರುತ್ತದೆ.

ಲ್ಯಾಪ್‌ಟಾಪ್ ತೆವಳುತ್ತಿದೆ, ಬಂದು ನೋಡು ಅಂತ ಮಾವ ಫೋನ್ ಮಾಡಿದರು. ಹೋಗಿ ನೋಡಿದರೆ ಪೇಟೆಯ ಅಂಗಡಿಯವನು ಹಾಕಿಕೊಟ್ಟ ಆಂಟಿವೈರಸ್. 'ಫುಲ್ ವರ್ಷನ್, ಲೈಫ್‌ಟೈಮ್' ಅಂತ 300 ರೂಪಾಯಿಗೆ ರಸೀದಿ. ಯಾರ ಲೈಫು ಅಂತ ಬರೆದಿರಲಿಲ್ಲ. ಡೆಸ್ಕ್‌ಟಾಪಿನ ಮೇಲೆ 'ಕ್ರ್ಯಾಕ್' ಅನ್ನೋ ಫೋಲ್ಡರ್ ಇನ್ನೂ ಹಾಗೇ ಕೂತಿತ್ತು. ಕ್ರ್ಯಾಕ್ ಅಂದರೆ ದುಡ್ಡು ಕೊಡದೆ ತಂತ್ರಾಂಶದ ಬೀಗ ಒಡೆಯುವ ಕಳ್ಳಕೀಲಿ. ಅದರೊಳಗೊಂದು ಸೂಚನೆಯ ಫೈಲು. ಅದರ ಮೊದಲ ಸೂಚನೆ ಏನು ಗೊತ್ತಾ? ಇದನ್ನು ಹಾಕುವ ಮುಂಚೆ ನಿಮ್ಮ ಆಂಟಿವೈರಸ್ ಆಫ್ ಮಾಡಿ.

"ಮಾವ, ಇದು ಕದ್ದ ಮಾಲು."

"ದುಡ್ಡು ಕೊಟ್ಟಿದ್ದೀನಿ ಕಣೋ. ರಸೀದಿ ಇದೆ."

ಅದೇ ಮಾವ, ಮೊಮ್ಮಗಳ ನಾಮಕರಣದ ವಿಡಿಯೋ ತೋರಿಸೋಣ ಅಂತ ನಾನು ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಹಾಕಹೊರಟಾಗ ಕೈ ಅಡ್ಡ ಹಿಡಿದರು. "ಪುಕ್ಕಟೆ ಅಂತೀಯ. ಅವರ ಹೊಟ್ಟೆಪಾಡೇನು? ಇದಕ್ಕೆ ಜಾಮೀನು ಯಾರು?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅಂಗಡಿಯವನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತಿದ್ದರು ಅನ್ನೋದಷ್ಟೇ ನನ್ನ ತಕರಾರು. ಇದನ್ನು 1996ರಲ್ಲಿ ಪ್ಯಾರಿಸ್ಸಿನ ಒಂದು ಕಾಲೇಜಿನ ಹುಡುಗರು ಶುರು ಮಾಡಿದ್ದು, ಈಗ ವಿಡಿಯೋಲ್ಯಾನ್ ಅನ್ನೋ ಸಂಸ್ಥೆ ಲಾಭ ನೋಡದೆ ನಡೆಸುತ್ತದೆ, ದೇಣಿಗೆ ಬರುತ್ತದೆ, ಒಳಗಿನ ಕೋಡ್ ಯಾರು ಬೇಕಾದರೂ ತೆಗೆದು ನೋಡಬಹುದು ಅಂತೆಲ್ಲ ಹೇಳಿದೆ.

"ನೀನು ನೋಡಿದ್ದೀಯಾ?"

"ಇಲ್ಲ."

"ಲೆಕ್ಕದ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ಆಗಲ್ಲ. ಆಡಿಟರ್ ಬಂದು ನೋಡಿರಬೇಕು."

ಇದಕ್ಕೆ ಏನು ಹೇಳುವುದು? ಮಾತು ಸರಿಯಾಗೇ ಇದೆ. ಮೇಲಿಂದ, "2022ರಲ್ಲಿ ಅವರ ವೆಬ್‌ಸೈಟನ್ನೇ ನಮ್ಮ ದೇಶದಲ್ಲಿ ಬಂದ್ ಮಾಡಿದ್ರಲ್ಲ, ಪೇಪರಲ್ಲಿ ಬಂದಿತ್ತು" ಅಂದರು. ಅದೂ ನಿಜವೇ. ಸಂಸ್ಥೆಯವರು ಲೀಗಲ್ ನೋಟಿಸ್ ಕಳಿಸಿದ ಮೇಲೆ ಆ ವರ್ಷದ ನವೆಂಬರ್‌ನಲ್ಲಿ ತಡೆ ಹೋಯಿತು. ನನ್ನ ಪ್ರಕಾರ ಅಪಾಯ ಇದ್ದದ್ದು ಆ ತಡೆಯಲ್ಲೇ. ಅಸಲಿ ಸೈಟ್ ತೆರೆಯದಿದ್ದರೆ ಜನ ಸುಮ್ನೆ ಕೂರುತ್ತಾರಾ? ಯಾವುದೋ ಸೈಟಿಗೆ ಹೋಗುತ್ತಾರೆ. ಅಲ್ಲಿ ಸಾಲಾಗಿ ಹಸಿರು ಡೌನ್‌ಲೋಡ್ ಬಟನ್‌ಗಳು. ಒಂದು ಬಿಟ್ಟು ಉಳಿದದ್ದೆಲ್ಲ ಜಾಹೀರಾತು. ಆ ಒಂದನ್ನು ಹುಡುಕಿ ಒತ್ತಿದರೂ, ನೆಕ್ಸ್ಟ್ ನೆಕ್ಸ್ಟ್ ಅನ್ನುವಷ್ಟರಲ್ಲಿ ಕೇಳದ ಒಂದು ಟೂಲ್‌ಬಾರ್ ಬಂದು ಮನೆ ಅಳಿಯನಾಗಿ ಸೇರಿಕೊಂಡಿರುತ್ತದೆ.

"ಹಾಗಾದ್ರೆ ಹೆಸರಿರೋ ಆಂಟಿವೈರಸ್ಸೇ ಫ್ರೀ ಸಿಗುತ್ತಲ್ಲ, ಅದು?"

ಅವಾಸ್ಟ್ ಕಥೆ ಹೇಳಿದೆ. ಕೋಟ್ಯಂತರ ಜನ ಪುಕ್ಕಟೆ ಹಾಕಿಕೊಂಡಿದ್ದರು. ಯಾರು ಯಾವ ಸೈಟ್ ನೋಡಿದರು ಅನ್ನೋ ಮಾಹಿತಿಯನ್ನು ಅದರ ಜಂಪ್‌ಶಾಟ್ ಅನ್ನೋ ಅಂಗಸಂಸ್ಥೆ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಬಯಲಿಗೆಳೆದ ಮೇಲೆ ಜಂಪ್‌ಶಾಟ್‌ಗೆ ಬೀಗ ಬಿತ್ತು. 2024ರಲ್ಲಿ ಅಮೆರಿಕದ ಸರ್ಕಾರಿ ಆಯೋಗ 1.65 ಕೋಟಿ ಡಾಲರ್ ಕಟ್ಟಿಸಿತು.

"ನೋಡಿದೆಯಾ! ದುಡ್ಡು ಕೊಟ್ಟೇ ತಗೋಬೇಕು ಅನ್ನೋದು ಇದಕ್ಕೇ."

ದುಡ್ಡು ಕೊಟ್ಟವರ ಕಥೆಯೂ ಇತ್ತು. 2021ರಲ್ಲಿ ನಾರ್ಟನ್ ಅನ್ನೋ ಆಂಟಿವೈರಸ್ ಕಂಪನಿ ಒಂದು ಸೌಲಭ್ಯ ತಂದಿತು. ಗಿರಾಕಿ ಒಪ್ಪಿದರೆ ಅವನ ಕಂಪ್ಯೂಟರೇ ಕ್ರಿಪ್ಟೋ ನಾಣ್ಯ ದುಡಿಯುತ್ತಿತ್ತು, ಅದರಲ್ಲಿ ಶೇ. 15 ಕಂಪನಿಗೆ.

"ಕರೆಂಟ್ ಬಿಲ್ಲು?"

"ಗಿರಾಕಿದು."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಂಥ ಬುದ್ಧಿ ನಮ್ಮ ಬೋರ್ಡಿನವರಿಗೂ ಹೊಳೆದಿರಲಿಲ್ಲ" ಅಂದರು. ಗೌರವವೂ ಇತ್ತು ಅನಿಸಿತು.

ಅಷ್ಟರಲ್ಲಿ ನಾನು ಕದ್ದ ಮಾಲನ್ನು ತೆಗೆದುಹಾಕಿದ್ದೆ. ಬೇರೆ ಆಂಟಿವೈರಸ್ ಬಂದರೆ ವಿಂಡೋಸ್‌ನದ್ದೇ ಆದ ಡಿಫೆಂಡರ್ ತಾನಾಗೇ ಹಿಂದೆ ಸರಿಯುತ್ತದೆ. ಆ ಇನ್ನೊಂದು ಹೋದರೆ ಮತ್ತೆ ಎದ್ದು ಕೂರುತ್ತದೆ. ಎದ್ದದ್ದೇ ಮೊದಲು ಹಿಡಿದದ್ದು ಆ ಕ್ರ್ಯಾಕ್ ಫೋಲ್ಡರನ್ನು. ಮನೆ ಕಂಪ್ಯೂಟರಿಗೆ ಇದೇ ಸಾಕು, ಅಪ್‌ಡೇಟ್ ತಪ್ಪಿಸಬೇಡಿ, ಬೇರೇನೂ ಕೊಳ್ಳಬೇಡಿ ಅಂದೆ.

"ಇದೂ ಪುಕ್ಕಟೆಯೇ?"

"ವಿಂಡೋಸ್ 8ರಿಂದ ಜೊತೆಯಲ್ಲೇ ಬರುತ್ತೆ ಮಾವ. ಲ್ಯಾಪ್‌ಟಾಪ್ ಬೆಲೆಯಲ್ಲೇ ವಿಂಡೋಸ್ ದುಡ್ಡು ಸೇರಿರುತ್ತೆ."

"ಹಾಗನ್ನು ಮತ್ತೆ. ಪುಕ್ಕಟೆ ಅಲ್ಲ." ಮುಖ ಅರಳಿತು.

ವೈರಸ್‌ಟೋಟಲ್ ಅನ್ನೋ ಸೈಟ್ ಅವರಿಗೆ ಇನ್ನೂ ಹಿಡಿಸಿತು. ಅನುಮಾನ ಬಂದ ಫೈಲನ್ನು ಅಲ್ಲಿಗೆ ಹಾಕಿದರೆ 70ರ ಆಸುಪಾಸು ಆಂಟಿವೈರಸ್‌ಗಳು ತಮ್ಮ ತಮ್ಮ ಅಭಿಪ್ರಾಯ ಹೇಳುತ್ತವೆ. ಒಂದು ಹಳೇ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ ತೋರಿಸಿದೆ. ಎಲ್ಲರೂ ಸರಿ ಅಂದರು, ಒಬ್ಬ ಮಾತ್ರ ವೈರಸ್ ಅಂದ. ಅವನದ್ದೂ ಪೂರ್ತಿ ತಪ್ಪಲ್ಲ. ಒತ್ತಿದ ಪ್ರತಿ ಕೀಲಿಯನ್ನೂ ನಡುವೆ ನಿಂತು ಹಿಡಿದು ಕನ್ನಡ ಮಾಡಬೇಕಲ್ಲ, ಪಾಸ್‌ವರ್ಡ್ ಕಳ್ಳನೂ ಮಾಡುವುದು ಅದನ್ನೇ. ಮಾವನಿಗೆ ಇಷ್ಟೆಲ್ಲ ವಿವರಣೆ ಬೇಕಾಗಲಿಲ್ಲ. "ಪ್ರತಿ ಮೀಟಿಂಗಲ್ಲೂ ಒಬ್ಬ ಡೈರೆಕ್ಟರ್ ವಿರೋಧ ಹಾಕ್ತಾನೆ ಕಣೋ, ಬರ್ಕೊಂಡು ಮುಂದೆ ಹೋಗ್ಬೇಕು" ಅಂದರು. ಪಾಸ್‌ಬುಕ್ಕು, ಆಧಾರ್ ಪ್ರತಿ ಮಾತ್ರ ಅಲ್ಲಿ ಹಾಕಬೇಡಿ, ಹಾಕಿದ್ದು ಬೇರೆ ಕಂಪನಿಗಳ ಕೈಗೂ ಹೋಗುತ್ತದೆ ಅಂತ ಕೈ ಮುಗಿದು ಹೇಳಿದೆ.

ಪೂರ್ತಿ ಸ್ಕ್ಯಾನ್ ಮುಗಿಯಲು ಸಮಯ ಬೇಕಿತ್ತು. ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಈ ಪಿಡುಗು ಶುರು ಮಾಡಿದವನ್ಯಾರು ಅಂತ ಮಾವ ಕೇಳಿದರು. ಪಿಸಿಗೆ ಬಂದ ಮೊದಲ ವೈರಸ್ ಅಂತ ಹೆಸರಾದದ್ದು 1986ರ 'ಬ್ರೇನ್'. ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಅನ್ನೋ ಅಣ್ಣತಮ್ಮಂದಿರು ಬರೆದದ್ದು. ತಮ್ಮ ತಂತ್ರಾಂಶವನ್ನು ಜನ ಕದ್ದು ಕಾಪಿ ಮಾಡುತ್ತಾರೆ ಅಂತ ಮಾಡಿದ್ದಂತೆ. ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ದೇಶ ದೇಶ ಸುತ್ತಿತು. ವೈರಸ್ಸಿನ ಒಳಗೇ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಬರೆದು, ಲಸಿಕೆ ಬೇಕಾದರೆ ಸಂಪರ್ಕಿಸಿ ಅಂದಿದ್ದರು.

"ಫೋನ್ ನಂಬರೂ ಕೊಟ್ಟಿದ್ರಾ?" ಮಾವ ರೊಟ್ಟಿ ಕೆಳಗಿಟ್ಟರು. "ಸಾಲ ಕೊಡಬಹುದಾದ ಜನ ಕಣೋ."

ಆಮೇಲೆ ಕೆಲವು ದಿನ ಶಾಂತಿ. ಒಂದು ಮಧ್ಯಾಹ್ನ ಅತ್ತೆಯಿಂದ ಫೋನು. ಲ್ಯಾಪ್‌ಟಾಪಿನಲ್ಲಿ ಕೆಂಪು ಅಕ್ಷರ ಬಂದಿದೆಯಂತೆ. ಕಂಪ್ಯೂಟರ್ ತುಂಬ ವೈರಸ್, ಕೂಡಲೇ ಈ ನಂಬರಿಗೆ ಕರೆ ಮಾಡಿ ಅಂತ. ಮಾವ ಮಾಡೇಬಿಟ್ಟಿದ್ದಾರಂತೆ. ನನ್ನ ಎದೆ ಧಸಕ್ಕೆಂದಿತು. ಈ ಆಟ ಗೊತ್ತಿರುವುದೇ ಅಲ್ವಾ? ಬ್ರೌಸರಿನಲ್ಲಿ ಯಾವುದೋ ಸೈಟಿಗೆ ನೋಟಿಫಿಕೇಶನ್ ಕಳಿಸಲು 'ಅಲೋ' ಒತ್ತಿದ್ದರಿಂದ ಬರುವ ಸುಳ್ಳು ಎಚ್ಚರಿಕೆ. ಕರೆ ಮಾಡಿದರೆ ಅತ್ತ ಕಡೆಯವನು ಒಂದು ಆಪ್ ಹಾಕಿಸಿ, ದೂರದಿಂದಲೇ ಒಳಗೆ ಬಂದು, ಖಾತೆ ಗುಡಿಸಿ ಹೋಗುತ್ತಾನೆ. "ಅತ್ತೆ, ಮೊದಲು ಫೋನ್ ಕಿತ್ಕೊಳ್ಳಿ" ಅಂತ ಕೂಗಿದೆ.

ಅಷ್ಟರಲ್ಲಿ ಮಾವನೇ ಲೈನಿಗೆ ಬಂದರು. ದನಿಯಲ್ಲಿ ಬೇಸರ.

"ಏನಿಲ್ಲ ಕಣೋ. ಅವನ ಹೆಸರು ಕೇಳ್ದೆ, ತಂದೆ ಹೆಸರು ಕೇಳ್ದೆ. ಯಾವ ಬ್ರಾಂಚು, ಮೇಲಧಿಕಾರಿ ಯಾರು, ಖಾಯಂ ನೌಕರನೋ ಕಾಂಟ್ರಾಕ್ಟೋ ಅಂತ ಕೇಳ್ದೆ. ಅಲ್ಲೀವರೆಗೂ ಏನೋ ಒಂದು ಹೇಳ್ತಿದ್ದ. ಆಫೀಸಿನ ವಿಳಾಸ ಹೇಳಪ್ಪಾ ಬರ್ಕೋತೀನಿ ಅಂದ್ರೆ ಪಟಕ್ಕಂತ ಇಟ್ಬಿಟ್ಟ. ಥೂ! ಆ ಲಾಹೋರಿನ ಹುಡುಗ್ರೇ ವಾಸಿ."