ದೊಡ್ಡಪ್ಪನ ಫೋಟೊಗೆ ಗೋಪುರ ಬೇಕು

ಸೂರ್ಯ ಫೋಟೊ ತೆಗೆಯುವವನ ಬೆನ್ನ ಹಿಂದಿರಬೇಕು ಅನ್ನುವುದು ರೀಲು ಕ್ಯಾಮೆರಾ ಕಾಲದ ಶಾಸ್ತ್ರ. ನಮ್ಮ ಮನೆಯಲ್ಲಿ ಅದು ಇನ್ನೂ ಜಾರಿಯಲ್ಲಿದೆ. ಹಳೆಯ ಆಲ್ಬಮ್ ತೆಗೆದರೆ ಯಾವ ಊರಿಗೆ ಹೋದಾಗಲೂ ಇಡೀ ಕುಟುಂಬ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು, ಸಾಲ ವಸೂಲಿಗೆ ಬಂದವರ ಹಾಗೆ ನಿಂತಿರುತ್ತದೆ.

ಬೇಲೂರಿಗೆ ಹೊರಟಾಗ ನಾನು ಮೊದಲೇ ಹೇಳಿದ್ದೆ: ಗುಡಿ ಪೂರ್ವಾಭಿಮುಖ, ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಎಳೆಬಿಸಿಲಲ್ಲಿ ಗುಡಿಯೂ ಚೆಂದ, ಮುಖವೂ ಚೆಂದ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಸ್ನಾನ, ತಿಂಡಿ, ತಿಂಡಿಯ ಮೇಲೆ ಇನ್ನೊಂದು ಕಾಫಿ, ದಾರಿಯಲ್ಲಿ ಎಳನೀರು. ರಾಯಗೋಪುರದೊಳಗೆ ಕಾಲಿಟ್ಟಾಗ ಮಟಮಟ ಮಧ್ಯಾಹ್ನ.

ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಚಪ್ಪಲಿ ಹೊರಗೆ, ಒಳಗೆ ಕಾದ ಕಲ್ಲುಹಾಸು. ಆ ಬಿಸಿಲಿಗೆ ಎಷ್ಟು ಬೆಳಕು ಬಿಡಬೇಕೆಂದು ಐಎಸ್‌ಒ 100, ಎಫ್ 8, ಶಟರ್ 1/400 ಅಂತ ಲೆಕ್ಕ ಹಾಕಿ ಕ್ಯಾಮೆರಾ ಎತ್ತಿದರೆ, ಎದುರಿಗೆ ಯಾರಿಗೂ ಎರಡೂ ಕಾಲು ನೆಲದ ಮೇಲಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಸೂರಿನ ಕೆಳಗಿನ ಮದನಿಕೆಯರು ಶತಮಾನಗಳಿಂದ ಭಂಗಿ ಬದಲಿಸಿಲ್ಲ. ನಮ್ಮವರಿಗೆ ಸೆಕೆಂಡಿನ 400ನೇ ಒಂದು ಪಾಲು ನಿಲ್ಲಲು ಆಗಲಿಲ್ಲ. ಜೊತೆಗೆ ನೆತ್ತಿಯ ಬಿಸಿಲಿಗೆ ಎಲ್ಲರ ಕಣ್ಣಗುಳಿಯಲ್ಲೂ ಕಪ್ಪು ನೆರಳು, ಮೂಗಿನ ಕೆಳಗೆ ಹೆಂಗಸರಿಗೂ ಮೀಸೆ.

ಮದನಿಕೆಯರನ್ನು ನೋಡಿಯೇ ಉಪಾಯ ಹೊಳೆದದ್ದು. ಆ ದಿನಗಳಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರದ ಗೋಡೆ ನೆರಳಲ್ಲಿರುತ್ತದೆ. ಅಲ್ಲಿ ಜಗತಿಯ, ಅಂದರೆ ಗುಡಿಯ ಸುತ್ತಲಿನ ಕಲ್ಲುಕಟ್ಟೆಯ ಮೇಲೆ ನಿಂತರೆ ಮುಂದಿನ ಅಂಗಳದ ಬಿಸಿಲು ಕಲ್ಲಿಗೆ ಬಡಿದು ಮೆತ್ತಗೆ ಮುಖಕ್ಕೆ ಬರುತ್ತದೆ. ಮುಖಕ್ಕೆ ಬೆಳಕು ತಿರುಗಿಸಲು ಥರ್ಮೋಕೋಲು ಹಿಡಿಯುವ ಹುಡುಗ ಬೇಡ, ಫ್ಲ್ಯಾಷೂ ಬೇಡ. ಕಾಲೂ ತಣ್ಣಗೆ. ಲೆನ್ಸಿನ ಕಿಂಡಿ ಅಗಲವಾಗಲೆಂದು ಎಫ್ 2.8ಕ್ಕೆ ಇಳಿಸಿ, ಕಣ್ಣಿಗೆ ಫೋಕಸ್ ಮಾಡಿದೆ.

ಆದರೆ ಹಿಂದಿನ ಕಲ್ಲು ಕಪ್ಪು. ಫ್ರೇಮಿನ ತುಂಬ ಕಪ್ಪಿದ್ದರೆ ಕತ್ತಲಾಯಿತೆಂದು ಕ್ಯಾಮೆರಾ ತಾನಾಗಿಯೇ ಬೆಳಕು ಜಾಸ್ತಿ ಬಿಟ್ಟುಕೊಳ್ಳುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಪರದೆಯಲ್ಲಿ ಅದನ್ನು ನೋಡಿದ ದೊಡ್ಡಮ್ಮ, "ಎಷ್ಟು ಬೆಳ್ಳಗೆ ಬಂದಿದೀನಿ ನೋಡ್ರೇ!" ಅಂದರು. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಂದು, ಇನ್ನೊಂದು ತೆಗೆದೆ. ಚರ್ಮದ ಬಣ್ಣ, ಕುಂಕುಮ, ಮೂಗುಬೊಟ್ಟಿನ ಹೊಳಪು ಎಲ್ಲ ಸರಿಯಾಗಿ ಬಂತು. "ಮುಂಚಿನದೇ ಇರಲಿ ಕಣೋ, ಇದನ್ನ ಅಳಿಸಿಬಿಡು."

ದೊಡ್ಡಪ್ಪನದು ಬೇರೆಯೇ ತಕರಾರು. "ಗೋಪುರ ಎಲ್ಲೋ?"

"ಅದು ಆ ಕಡೆ ಇದೆ ದೊಡ್ಡಪ್ಪ. ಇಲ್ಲಿ ಬೆಳಕು ಚೆನ್ನಾಗಿದೆ."

"ಬೆಳಕು ನಮ್ಮನೆ ಹಿತ್ತಲಲ್ಲೂ ಇದೆ. ಇನ್ನೂರು ಕಿಲೋಮೀಟರ್ ಬಂದಿರೋದು ಬೆಳಕಿಗಾ?"

ಇದಕ್ಕೆ ಯಾವ ಲೆನ್ಸೂ ಉತ್ತರ ಕೊಡಲಾರದು. ಹಿನ್ನೆಲೆ ಮಸುಕಾಗಲಿ ಅಂತ ನಾವು 85 ಎಂಎಂ ಲೆನ್ಸಿಗೆ ದುಡ್ಡು ಸುರಿಯುತ್ತೇವೆ. ಅವರಿಗೆ ಫೋಟೊ ಅಂದರೆ ಹೋಗಿಬಂದಿದ್ದಕ್ಕೆ ಸಾಕ್ಷಿ. ಸಾಕ್ಷಿಯನ್ನೇ ಮಸುಕು ಮಾಡಿದರೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಅತ್ತಿಗೆಯ ಮಗ ಮೊಬೈಲು ತೆಗೆದ, ಎಲ್ಲರನ್ನೂ ಮತ್ತೆ ಬಿಸಿಲಿಗೆ ಎಳೆದ, ಗೋಪುರದ ಕಳಸವೂ ಸೇರಿದಂತೆ ಒಂದು ಒತ್ತಿದ. ಆರು ಜನರಲ್ಲಿ ನಾಲ್ವರ ಕಣ್ಣು ಮುಚ್ಚಿದೆ. ಮನೆಯ ವಾಟ್ಸಾಪ್ ಗುಂಪಿಗೆ ಅದೇ ಡಿಪಿ.

ನಾನು ತೆಗೆದದ್ದರಲ್ಲಿ ದೊಡ್ಡಪ್ಪನದೊಂದು ಮಾತ್ರ ಉಳಿಯಿತು. ಉತ್ತರದ ನೆರಳಲ್ಲಿ, ಅರ್ಧ ತಿರುಗಿ, ಗೋಪುರ ಎಲ್ಲಿ ಅಂತ ಹುಡುಕುತ್ತಿರುವಾಗ ಸಿಕ್ಕಿದ್ದು. ಕಣ್ಣಲ್ಲಿ ಅಂಗಳದ ಬೆಳಕಿನ ಚುಕ್ಕಿ, ಹಿಂದೆ ಕರಗಿದ ಕಪ್ಪು ಕಲ್ಲು, ಒಂದೊಂದು ನರೆಗೂದಲೂ ಬೇರೆ ಬೇರೆ. ದೊಡ್ಡಮ್ಮ ಬಹಳ ಹೊತ್ತು ನೋಡಿ ಹೇಳಿದರು: "ಒಬ್ಬರದೇ ಇದೆ, ಹಿಂದೆ ಏನೂ ಇಲ್ಲ, ಚೆನ್ನಾಗಿದೆ. ದೊಡ್ಡದು ಮಾಡಿಸಿಡು. ಮುಂದೆ ಯಾವತ್ತಾದರೂ ಅವಸರಕ್ಕೆ ಹುಡುಕೋದು ತಪ್ಪುತ್ತೆ."

ಅಂದಿನಿಂದ ನಾನು ಕ್ಯಾಮೆರಾ ಎತ್ತಿದರೆ ಸಾಕು, ದೊಡ್ಡಪ್ಪ ಪಕ್ಕದಲ್ಲಿ ಸಿಕ್ಕವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.