ಸ್ಪಷ್ಟನೆ: ಗಂಡು ಇಲಿಗಳ ಜಗಳ ‘ತಾನೇ ಸರಿಹೋಗುತ್ತದೆ’ ಎಂಬುದು ಅರ್ಧಸತ್ಯ

‘ಸಾಕಿದ ಗಂಡು ಇಲಿಗಳು ಕಚ್ಚಾಡಿದರೆ ಬಿಡಿಸಬೇಡಿ, ರಕ್ತ ಬಂದರೂ ಯಾರು ಮೇಲು ಅಂತ ತೀರ್ಮಾನವಾದ ಮೇಲೆ ಸುಮ್ಮನಾಗುತ್ತವೆ’ ಎಂಬ ಸಲಹೆ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಒಂದನ್ನೊಂದು ಅಂಗಾತ ಕೆಡವುವುದು, ಎದ್ದು ನಿಂತು ಮುಂಗಾಲಲ್ಲಿ ತಳ್ಳಾಡುವುದು, ಕೀಚ್ ಎನ್ನುವುದು ಮಾಮೂಲಿ. ಗದ್ದಲ ಕೇಳಿ ಗಾಬರಿಯಾಗಬೇಕಿಲ್ಲ. ನಿಜವಾದ ದಾಳಿ ಹೆಚ್ಚಾಗಿ ಇಂಥ ಗದ್ದಲವಿಲ್ಲದೆ ಶುರುವಾಗುತ್ತದೆ: ಮೈಕೂದಲು ನಿಮಿರಿ ಇಲಿ ದಪ್ಪಗೆ ಕಾಣುತ್ತದೆ, ಬೆನ್ನು ಗೂನಾಗುತ್ತದೆ, ಪಕ್ಕೆ ಮುಂದಿಟ್ಟು ಅಡ್ಡಡ್ಡ ಸರಿಯುತ್ತಾ ಬುಸುಗುಟ್ಟುತ್ತದೆ. ಆಗಲೇ ದಪ್ಪ ಟವೆಲ್ ಹಾಕಿ ಬೇರ್ಪಡಿಸಿ. ಬರಿಗೈ ಹಾಕಿದರೆ ಬಾಚಿಹಲ್ಲು ಬೆರಳಿಗೆ ಆಳವಾಗಿ ಇಳಿಯುತ್ತದೆ. ಬೆನ್ನಿನ ಹಿಂಭಾಗ, ಪಕ್ಕೆ, ಬಾಲದ ಬುಡವನ್ನು ಕೂದಲು ಸರಿಸಿ ನೋಡಿ. ಸಣ್ಣ ತೂತಿನಂಥ ಗಾಯವೂ ಒಳಗೆ ಕೀವುಗಟ್ಟಬಹುದು. ರಕ್ತ ಬರುವಂತೆ ಕಚ್ಚಿದ್ದರೆ ಬೇರೆ ಪಂಜರವೇ ಸರಿ.

‘ಬೀಜ ತೆಗೆಸಿದರೆ ಮರುದಿನವೇ ಸಾಧು’ ಎಂಬುದೂ ತಪ್ಪು. ಹಾರ್ಮೋನಿನ ಕಾಟ ಸಾಮಾನ್ಯವಾಗಿ 5ರಿಂದ 10 ತಿಂಗಳ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ಇಲಿಗೆ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು. ಭಯದಿಂದಲೋ ನೋವಿನಿಂದಲೋ ಕಚ್ಚುವ ಇಲಿಗೆ ಅದರಿಂದ ಲಾಭ ಕಡಿಮೆ, ಹಾಗಾಗಿ ಮೊದಲು ವೈದ್ಯರಿಗೆ ತೋರಿಸಿ.

ಮತ್ತೆ ಸೇರಿಸುವಾಗ ಎರಡಕ್ಕೂ ಹೊಸದಾದ ಜಾಗದಲ್ಲಿ 10–15 ನಿಮಿಷದಿಂದ ಶುರುಮಾಡಿ. ಪಂಜರವನ್ನು ತೊಳೆದು, ಒಳಗಿನ ವಸ್ತುಗಳ ಜಾಗ ಬದಲಿಸಿಯೇ ಒಟ್ಟಿಗೆ ಬಿಡಿ. ಒಂದೇ ಬಾಯಿಯ ಗೂಡು ಬೇಡ, ಸೋತದ್ದಕ್ಕೆ ಓಡಲು ಇನ್ನೊಂದು ದಾರಿ ಇರಲಿ.